ಎರಡೂರಿನ ಮುಳುಗುಮಲ್ಲ

“ಅಮ್ಮಾ, ಈ ಪೇಂಟರ್ ಅಜ್ಜಗ ದೋಸ್ತರಽ ಇಲ್ಲೇನು? ಮತ್ತ ದೋಸ್ತರಿಬ್ಬರನ್ನ ಹಿಂಗ್ಯಾಕ ಜಗಳಾ ಹಚ್ಯಾನ?”

ಹೋದ ರವಿವಾರ ತಿಕೋಟಾದಲ್ಲಿ, ಭಾಗಪ್ಪ ಕಾಕಾನ ಕಟಿಂಗ್ ಅಂಗಡಿಯಲ್ಲಿ, ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಅದರ ಮೇಲೆ ಕೂಡಿಸಿದ್ದ ನನ್ನ ಮಗಳು ಕಾವ್ಯಾ ಕೇಳಿದ ಮಾತಿದು. ಅವಳಿಗೆ ಏಳು ವರ್ಷ. ವಿಜಯಪುರದ ಯಾವ ಅಂಗಡಿಯಲ್ಲೂ ಅವಳು ತಲೆ ನೆಟ್ಟಗೆ ಇಟ್ಟು ಕೂಡುವುದಿಲ್ಲ. ಅದಕ್ಕೇ ತವರಿಗೆ ಹೋದಾಗ ಭಾಗಪ್ಪ ಕಾಕಾನ ಹತ್ತಿರವೇ ಅವಳ ಕೂದಲು ಕತ್ತರಿಸಿಕೊಂಡು ಬರುತ್ತೇನೆ. ಅಲ್ಲಿ ಅವಳು ಅಲ್ಲಾಡುವುದಿಲ್ಲ. ಕನ್ನಡಿಯ ಪಕ್ಕದ ಗೋಡೆಯ ಮೇಲಿನ ಚಿತ್ರ ನೋಡುತ್ತ ಕೂಡುತ್ತಾಳೆ. ನಾನೂ ಅವಳ ವಯಸ್ಸಿನಲ್ಲಿ ಅದೇ ಹಲಗೆಯ ಮೇಲೆ, ಅದೇ ಗೋಡೆಯನ್ನು ನೋಡುತ್ತ ಕೂಡುತ್ತಿದ್ದೆ.

ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದ ಚಿತ್ರ. ಅಂಚಿಗೆಲ್ಲ ಎಣ್ಣೆಯ ಕೈ ಹತ್ತಿ ಕಂದಾಗಿದೆ. ಹಾಳೆಯ ತುಂಬ ನೀಲಿ ನೀರು. ನೀರಿನ ನಡುವೆ ಇಬ್ಬರು ಬೆನ್ನಿಗೆ ಬೆನ್ನು ಮಾಡಿ ನಿಂತಿದ್ದಾರೆ. ಒಬ್ಬ ದಪ್ಪ ಮೀಸೆಯವನು, ಪೈಲವಾನರ ಲಂಗೋಟಿ ಉಟ್ಟವನು, ಕುತ್ತಿಗೆಯಲ್ಲಿ ಮೀನಿನ ಕಿವಿರು. ಇನ್ನೊಬ್ಬಳು ಎರಡು ಜಡೆಯವಳು, ಸೊಂಟದ ಕೆಳಗೆ ಬೆಳ್ಳಿಯ ಬಾಲ, ಹಣೆಯ ಮೇಲೆ ಮಿಂಚಿನ ಗುರುತು. ಮೀಸೆಯವನ ಬಾಯಿಂದ ಹೊರಟ ಗುಳ್ಳೆಯೊಳಗೆ “ನನ್ನ ಬ್ಯಾಟರಿ ಕದ್ದಾಕಿ ನೀನಽ” ಅಂತ ಇದೆ. ಅವಳ ಗುಳ್ಳೆಯೊಳಗೆ “ಇನ್ನ ನಿನ್ನ ಮಾರಿ ನೋಡೂದಿಲ್ಲ” ಅಂತ. ಕೆಳಗೆ ಕೆಂಪಿನಲ್ಲಿ, ನೆರಳು ಕೊಟ್ಟ ಅಕ್ಷರಗಳಲ್ಲಿ: ಮುಂದಿನ ವಾರ ನೋಡಿರಿ.

ಆ ಮುಂದಿನ ವಾರ ಬಂದದ್ದೂ ಉಂಟು, ಕೆಟ್ಟದ್ದೂ ಉಂಟು. ಇಪ್ಪತ್ತನಾಲ್ಕು ವರ್ಷದಿಂದ ಆ ಇಬ್ಬರೂ ಹಾಗೇ ಮುಖ ತಿರುಗಿಸಿಕೊಂಡು ನಿಂತಿದ್ದಾರೆ.

ಭಾಗಪ್ಪ ಕಾಕಾ ಕತ್ತರಿ ತಡೆದು, ಅದನ್ನ ಅವನ್ನಽ ಕೇಳು ಹೋಗವ್ವಾ ಅಂದರು. ಆಮೇಲೆ ನನ್ನ ಕಡೆ ತಿರುಗಿ ದನಿ ಇಳಿಸಿದರು. ಈ ಚಿತ್ರ ಬರೆದ ಅಬ್ದುಲಗನಿ ಚಾಚಾ ಎರಡು ತಿಂಗಳಿಂದ ಇದರ ಕೊನೆಯ ಹಾಳೆ ಬರೆಯಲು ಕೂತಿದ್ದಾರಂತೆ, ಕೈ ನಡುಗುತ್ತದಂತೆ, ಬೆಳಿಗ್ಗೆ ಒಂದು ತಾಸು ಮಾತ್ರ ಕುಂಚ ಮಾತು ಕೇಳುತ್ತದಂತೆ. “ಮಳಿಗಾಲದೊಳಗ ಮುಗಸ್ತೇನಿ ಅಂತಾನ. ಕೈ ಅದಕಿಂತ ಮದಲಽ ಮುಗೀತಂದ್ರ ಇವರು ಹಿಂಗಽ ಉಳಿಯೋರು,” ಎಂದು ಗೋಡೆಯತ್ತ ಬಾಚಣಿಗೆ ತೋರಿಸಿದರು.

ಆಗ ನನ್ನ ಎದೆಯಲ್ಲಿ ಏನೋ ಚುಚ್ಚಿತು. ಯಾಕೆ ಅನ್ನುವುದನ್ನು ಮೊದಲಿನಿಂದಲೇ ಹೇಳಬೇಕು.

ಅಬ್ದುಲಗನಿ ಚಾಚಾನ ಕಸಬು ಬೋರ್ಡು ಬರೆಯುವುದು. ಕಿರಾಣಿ ಅಂಗಡಿ, ಸೈಕಲ್ ಅಂಗಡಿ, ಹೊನವಾಡದ ದ್ರಾಕ್ಷಿ ತೋಟಗಳ ಗೇಟು, ಟ್ರ್ಯಾಕ್ಟರಿನ ಹಿಂದೆ ತಾಯಿಯ ಹೆಸರು, ಸಾಲೆಯ ಗೋಡೆಗೆ ಮಗ್ಗಿ. ನಾನು ಓದಲು ಕಲಿತದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಚಾಚಾನ ಅಕ್ಷರಗಳಿಂದ. ಮೊದಲು ಸೀಮೆಸುಣ್ಣದ ದಾರ ಬಿಗಿ ಹಿಡಿದು ಚಟ್ಟನೆ ಗೆರೆ ಹೊಡೆಯುವುದು, ಆಮೇಲೆ ಅಕ್ಷರ, ಆಮೇಲೆ ಅಕ್ಷರಕ್ಕೆ ನೆರಳು. ಮೂಲೆಯಲ್ಲಿ ಸಣ್ಣಗೆ ‘ಗನಿ, ತಿಕೋಟಾ’. ಅವರು ಬರೆಯುವಾಗ ಸಾಲೆ ಬಿಟ್ಟ ಮಕ್ಕಳೆಲ್ಲ ನಿಚ್ಚಣಿಕೆಯ ಕೆಳಗೆ ನಿಂತು, ಮುಂದಿನ ಅಕ್ಷರ ಯಾವುದು ಎಂದು ಪಂಥ ಕಟ್ಟುತ್ತಿದ್ದೆವು. ಟರ್ಪೆಂಟೈನಿನ ವಾಸನೆ ಬಂದರೆ ನನಗೆ ಈಗಲೂ ಸಾಲೆ ಬಿಟ್ಟ ಹಾಗೆ ಅನಿಸುತ್ತದೆ.

ಈ ನೀರಿನ ಕಥೆ ಹುಟ್ಟಿದ್ದು ಒಂದು ಡಬ್ಬಿ ಬಣ್ಣದಿಂದ. ಯಾವುದೋ ಸೊಸೈಟಿಯ ಬಾಗಿಲುಗಳಿಗೆ ಹಚ್ಚಿ ನೀಲಿ ಬಣ್ಣ ಉಳಿದಿತ್ತಂತೆ. ಚೆಲ್ಲಲು ಮನಸ್ಸು ಬರಲಿಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬಳಿದರು, ನೀರಾಯಿತು. ನೀರು ಇದ್ದ ಮೇಲೆ ಅದರೊಳಗೆ ಯಾರಾದರೂ ಇರಬೇಕಲ್ಲ, ಹೀಗೆ ಮುಳುಗುಮಲ್ಲ ಬಂದ. ಚಾಚಾನಿಗೆ ಈಜು ಬರುವುದಿಲ್ಲ. ಸಣ್ಣವರಿದ್ದಾಗ ಭೂತನಾಳ ಕೆರೆಯ ದಂಡೆಯಲ್ಲಿ ಕಾಲು ಜಾರಿ ಬಿದ್ದಿದ್ದರಂತೆ. ದನ ತೊಳೆಯಲು ಬಂದವರು ಅಂಗಿ ಹಿಡಿದು ಎಳೆದು ಹಾಕುವಷ್ಟರಲ್ಲಿ ಚಾಚಾ ನೀರೊಳಗೆ ಒಂದು ಸಲ ಕಣ್ಣು ತೆರೆದಿದ್ದರು. ಒಳಗೆ ಹಸಿರು ಬೆಳಕು ಇತ್ತು, ಸಪ್ಪಳವಿರಲಿಲ್ಲ ಎಂದು ಹೇಳುತ್ತಿದ್ದರು. ಆ ಒಂದು ಗಳಿಗೆ ನೋಡಿದ್ದನ್ನೇ ಜೀವಮಾನವೆಲ್ಲ ಬರೆದರು. ಅವರ ಹೆಂಡತಿ ಗುಲಶನ ಚಾಚಿ ಮಾತ್ರ, ಬಾವಿಗೆ ಬಗ್ಗಿ ನೋಡಲು ಹೆದರುವವನು ನೀರೊಳಗೆ ರಾಜ್ಯ ಕಟ್ಟಿದ್ದಾನೆಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಕಥೆ ಹೀಗಿತ್ತು. ಮಲ್ಲ ತಿಕೋಟಾದವನು, ಬಾವಿಗೆ ಬಿದ್ದ ಕೊಡ ತೆಗೆದುಕೊಡುವ ಮುಳುಗುಗಾರ. ಒಂದು ದಿನ ತಳ ಮುಟ್ಟಿದವನು ಮೇಲೆ ಬರಲೇ ಇಲ್ಲ, ಕಿವಿರು ಮೂಡಿ ಅಲ್ಲೇ ಉಳಿದ. ಬಿಜಲಿ ಬಬಲೇಶ್ವರದವಳು, ಬಾವಿಗೆ ಸಿಡಿಲು ಬಡಿದ ದಿನ ಅದರೊಳಗೆ ಹುಟ್ಟಿದವಳು. ಬಾದಶಹರ ಕಾಲದ ನೀರಿನ ಸುರಂಗಗಳು ನಮ್ಮ ಕಡೆಯ ಬಾವಿಗಳನ್ನೆಲ್ಲ ನೆಲದೊಳಗೆ ಜೋಡಿಸಿವೆ ಎಂದು ಚಾಚಾ ಬರೆದಿದ್ದರು. ಆ ಸುರಂಗಗಳಲ್ಲಿ ಈಜಿ ಇಬ್ಬರೂ ಭೂತನಾಳದ ತಳದಲ್ಲಿ ಭೇಟಿಯಾಗುತ್ತಿದ್ದರು. ಕೆರೆಗಳನ್ನೆಲ್ಲ ನುಂಗುತ್ತ ಬರುವ ಹೂಳಾಸುರನನ್ನು ಕೂಡಿ ಹೊಡೆಯುತ್ತಿದ್ದರು. ನಮ್ಮ ಮನೆಯಲ್ಲಿ ನಳಕ್ಕೆ ನೀರು ಬರುವ ದಿನ ಸಾಲಿನಲ್ಲಿ ಕೊಡ ಇಟ್ಟು ಕಾಯುತ್ತ, ಕೆಳಗೆ ಮಲ್ಲ ಹೂಳು ತೆಗೆಯುತ್ತಿರಬೇಕು ಎಂದು ನಾನು ನಿಜವಾಗಿ ನಂಬಿದ್ದೆ.

ವಾರಕ್ಕೆ ಒಂದೇ ಹಾಳೆ. ಒಂದು ವಾರ ಭಾಗಪ್ಪ ಕಾಕಾನ ಗೋಡೆಯ ಮೇಲೆ. ಮುಂದಿನ ವಾರ ಚಾಚಾ ಅದನ್ನೇ ಸುರುಳಿ ಸುತ್ತಿ, ಬೋರ್ಡಿನ ಕೆಲಸಕ್ಕೆ ಬಬಲೇಶ್ವರದ ಸಂತೆಗೆ ಹೋಗುವಾಗ ಬಸ್ಸಿನಲ್ಲಿ ಒಯ್ದು, ಅಲ್ಲಿನ ಚಹಾದ ಅಂಗಡಿಯಲ್ಲಿ ತೂಗು ಹಾಕುತ್ತಿದ್ದರು. ಆಮೇಲೆ ಹಾಳೆ ತಿರುಗಿ ಭಾಗಪ್ಪ ಕಾಕಾನ ಕಪಾಟು ಸೇರುತ್ತಿತ್ತು. ಹೀಗಾಗಿ ತಿಕೋಟಾದ ನಮಗೆ ಕಥೆ ಒಂದು ವಾರ ಮೊದಲೇ ಗೊತ್ತು. ನನ್ನ ತಾಯಿಯ ತವರು ಬಬಲೇಶ್ವರ. ಅಲ್ಲಿಯ ಮಕ್ಕಳ ಮುಂದೆ ಅದರ ಸೊಕ್ಕು ನನಗೆ ಬಹಳ ಇತ್ತು.

ಮೂವತ್ತು ಹಾಳೆಗಳಾದ ಮೇಲೆ ಜನ ನಿಂತು ನೋಡುವುದು ಕಡಿಮೆಯಾಯಿತು. ಪ್ರತಿ ಸಲ ಹೂಳಾಸುರ ಸೋಲುತ್ತಾನೆ, ಇವರು ಗೆಲ್ಲುತ್ತಾರೆ, ಅದರಲ್ಲೇನು? ಆಗ ಉಪಾಯ ಹೇಳಿದವರು ಭಾಗಪ್ಪ ಕಾಕಾ. ಮನೆಯವರ ಜಗಳಕ್ಕೆ ಕೂಡಿದಷ್ಟು ಮಂದಿ ಕಳ್ಳನನ್ನು ಹಿಡಿಯಲು ಕೂಡುವುದಿಲ್ಲ, ಇವರಿಬ್ಬರ ನಡುವೆಯೇ ಒಂದು ಹಚ್ಚಿಬಿಡು ಅಂದರು. ಚಾಚಾನಿಗೆ ಜಗಳಕ್ಕೆ ಕಾರಣ ಹೊಳೆಯಲಿಲ್ಲ. ಕೊನೆಗೆ ಮಲ್ಲ ಕತ್ತಲ ಸುರಂಗಗಳಲ್ಲಿ ಬೆಳಕಿಗೆ ಹಿಡಿಯುತ್ತಿದ್ದ ಬ್ಯಾಟರಿ ಕಳೆದಂತೆ ಮಾಡಿ, ಬಿಜಲಿಯ ಮೇಲೆ ಸಂಶಯ ತಂದರು. ಮಲ್ಲ ಆ ಬ್ಯಾಟರಿಯನ್ನು ತಾನೇ ತನ್ನ ಬಾವಿಯ ಗೂಟಕ್ಕೆ ಸಿಕ್ಕಿಸಿದ್ದನ್ನು ಒಂಬತ್ತನೆಯ ಹಾಳೆಯಲ್ಲಿ ಊರೆಲ್ಲ ನೋಡಿತ್ತು. ಒಂದು ಮಾತು ಕೇಳಿದ್ದರೆ ಮುಗಿಯುವ ಜಗಳ. ಆದರೂ ಜನ ಸೇರಿದರು. ಗಡ್ಡ ಬೋಳಿಸಿಕೊಳ್ಳಲು ಬಂದವರು ಅರ್ಧ ಸಾಬೂನು ಮುಖದಲ್ಲೇ ವಾದಕ್ಕೆ ನಿಂತರು. ತಿಕೋಟಾ ಪೂರ್ತಿ ಮಲ್ಲನ ಕಡೆ.

ಮುಂದಿನ ವಾರದ ಹಾಳೆಯಲ್ಲಿ ಕಾಳಗ. ಮಲ್ಲ ಬಿಜಲಿಯನ್ನು ಮೀನಿನ ಬಲೆಯಲ್ಲಿ ಕಟ್ಟಿ ಹಾಕಿದ್ದ. ಅಂಗಡಿಯ ಮುಂದೆ ಕೇಕೆ, ಸೀಟಿ. ಜನ ಕೇಳಿದರೆಂದು ಭಾಗಪ್ಪ ಕಾಕಾ ಆ ಹಾಳೆಯನ್ನು ಎರಡನೆಯ ವಾರವೂ ಇಳಿಸಲಿಲ್ಲ. ನಾನು ಆಗಿನಿಂದಲೇ ದಿನಚರಿ ಬರೆಯುವವಳು. ಐದನೆಯ ತರಗತಿಯ ಉಳಿದ ನೋಟ್‌ಬುಕ್ ಪಟ್ಟಿಯಲ್ಲಿ ಪ್ರತಿ ಹಾಳೆಯ ಕಥೆಯನ್ನೂ ತಾರೀಖು ಹಾಕಿ ಬರೆದಿಡುತ್ತಿದ್ದೆ. ಅದರಲ್ಲಿ ಬರೆದೆ: ಮಲ್ಲ ಗೆದ್ದ, ಬಿಜಲಿ ಬಲೆಯಲ್ಲಿ, ನನಗೆ ಅಳು ಬಂತು.

ಬ್ಯಾಸಗಿ ಸೂಟಿ ಬಂತು. ಆ ಪಟ್ಟಿಯ ಸಮೇತ ನಾನು ಬಬಲೇಶ್ವರಕ್ಕೆ, ಅಜ್ಜಿ ಗುರುಸಿದ್ದವ್ವಳ ಮನೆಗೆ ಹೋದೆ. ಸಂತೆಯ ದಿನ ಅಜ್ಜಿಯ ಸೆರಗು ಹಿಡಿದು ಹೋಗುವಾಗ ಚಹಾದ ಅಂಗಡಿಯ ಮುಂದೆ ಗುಂಪು ಕಂಡಿತು. ಸೆರಗು ಬಿಟ್ಟು ಒಳಗೆ ನುಗ್ಗಿದೆ. ಗೋಡೆಯ ಮೇಲೆ ಅದೇ ಕಾಳಗ, ಅದೇ ನೀಲಿ. ಆದರೆ ಇಲ್ಲಿ ಬಿಜಲಿ ಮಲ್ಲನನ್ನು ಕೆರೆಯ ಜೊಂಡಿನಿಂದ ಸುತ್ತಿ, ಬಾವಿಯ ರಾಟೆಗೆ ತಲೆಕೆಳಗಾಗಿ ತೂಗುಬಿಟ್ಟಿದ್ದಳು. ಜನ ಚಪ್ಪಾಳೆ ಹೊಡೆಯುತ್ತಿದ್ದರು.

ನಿಜವಾಗಿ ನನಗೆ ಖುಷಿಯಾಗಬೇಕಿತ್ತು. ಬಿಜಲಿಯ ಎರಡು ಜಡೆ ನೋಡಿಯೇ ನಾನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದವಳು. ಆದರೆ ಬರೆದಿಡುವವರ ಹಾಳು ಬುದ್ಧಿ, ಪಟ್ಟಿಯಲ್ಲಿ ಒಂದು, ಗೋಡೆಯಲ್ಲಿ ಒಂದು ಇದ್ದರೆ ತಡೆಯುವುದಿಲ್ಲ.

“ಇದು ಖೊಟ್ಟಿ ಐತಿ,” ಎಂದು ಕೂಗಿಬಿಟ್ಟೆ. “ತಿಕೋಟಾದಾಗ ಮಲ್ಲ ಗೆದ್ದಾನ. ನಾ ಬರದಿಟ್ಟೇನಿ.”

ಯಾರೋ ನನ್ನ ಕೈಯಿಂದ ಪಟ್ಟಿ ಇಸಿದುಕೊಂಡು ಗಟ್ಟಿಯಾಗಿ ಓದಿದರು. ಓದಿ ಮುಗಿಯುತ್ತಲೇ ಇಡೀ ಅಂಗಡಿ ನಕ್ಕಿತು. ಆ ನಗೆ ಒಳ್ಳೆಯದಲ್ಲ ಎಂದು ಹತ್ತು ವರ್ಷದ ನನಗೂ ತಿಳಿಯಿತು. ಬಿಜಲಿ ಸೋತರೆ ಈ ಊರಿಗೆ ಕಾಲಿಡಬೇಡ ಎಂದು ಅಲ್ಲಿಯ ಹುಡುಗರು ಚಾಚಾನಿಗೆ ಹಿಂದಿನ ಸಂತೆಯಲ್ಲೇ ಹೇಳಿದ್ದರಂತೆ. ಅದಕ್ಕೇ ಅವರು ಎರಡು ಹಾಳೆ ಬರೆದಿದ್ದರು, ಊರಿಗೊಂದು. ಎರಡೂ ಊರಿಗೆ ಸಮಾಧಾನವಾಗಲಿ ಎಂದು. ನಡುವೆ ಓಡಾಡುವ ಒಂದು ಹುಡುಗಿ, ಅವಳ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ ಎಂದು ಅವರು ಎಣಿಸಿರಲಿಲ್ಲ.

ಸುದ್ದಿ ನನಗಿಂತ ಮೊದಲು ತಿಕೋಟಾ ಮುಟ್ಟಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕೂತವರಿಗೆ ಅದೇ ಮಾತು. ಊರಿಗೊಂದು ಕುಂಚ ಇಟ್ಟೀಯೇನು ಗನಿ ಎಂದು ಒಬ್ಬರು ಕೇಳಿದರೆ, ನಮ್ಮ ಅಂಗಡಿಯ ಹೆಸರನ್ನು ಬಬಲೇಶ್ವರದಲ್ಲಿ ಏನಂತ ಬರೆದಿದ್ದೀ ಎಂದು ಇನ್ನೊಬ್ಬರು. ನಕ್ಕು ಮರೆಯುವ ಮಾತೇ. ಆದರೆ ಬೋರ್ಡು ಬರೆಯುವವನಿಗೆ ಅದು ನಗೆಯಲ್ಲ. ತಾನು ಬರೆದದ್ದನ್ನು ಮಂದಿ ಓದಿ ನಂಬುತ್ತಾರೆ ಅನ್ನುವುದೇ ಅವನ ಕಸಬು. ಚಾಚಾ ಮರುದಿನ ಬಂದು ಕಾಳಗದ ಹಾಳೆ ಇಳಿಸಿದರು. ಜಗಳದ ಹಾಳೆಯನ್ನು ಕಪಾಟಿನಿಂದ ತೆಗೆದು ಆ ಜಾಗದಲ್ಲಿ ಹಚ್ಚಿ, ಇದು ಇಲ್ಲಿಗೇ ನಿಂತಿತು ಎಂದು ಭಾಗಪ್ಪ ಕಾಕಾನಿಗೆ ಹೇಳಿ ಹೋದರು. ಬೋರ್ಡುಗಳನ್ನು ಬರೆದರು, ಮಶೀನಿನ ಬೋರ್ಡು ಬಂದು ಕೆಲಸ ಕಡಿಮೆಯಾಗುವವರೆಗೂ ಬರೆದರು. ಮುಳುಗುಮಲ್ಲನನ್ನು ಮತ್ತೆ ಮುಟ್ಟಲಿಲ್ಲ.

ಕೂಗಿದವಳು ನಾನೇ ಎಂದು ನಾನು ಯಾರಿಗೂ ಹೇಳಲಿಲ್ಲ. ಪಟ್ಟಿಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಚಾಚಾ ಎದುರಾದರೆ ಓಣಿ ಬದಲಿಸುತ್ತಿದ್ದೆ. ನನ್ನ ಮದುವೆಯ ಚಪ್ಪರದ ಮುಂದೆ ಹೆಸರು ಬರೆದವರು ಅವರೇ. ಆಗಲೂ ನಾನು ನೆಲ ನೋಡಿದೆ.

ಇಷ್ಟೆಲ್ಲ ಇದ್ದದ್ದರಿಂದಲೇ ರವಿವಾರ ಭಾಗಪ್ಪ ಕಾಕಾನ ಮಾತು ಚುಚ್ಚಿದ್ದು. ಕಾವ್ಯಾಳ ಕುತ್ತಿಗೆಯ ಕೂದಲು ಝಾಡಿಸಿ, ಬಸ್‌ಸ್ಟ್ಯಾಂಡಿನ ಹಿಂದಿನ ಚಾಚಾನ ಮನೆಗೆ ಅವಳನ್ನು ಕರೆದುಕೊಂಡು ಹೋದೆ. ಗುಲಶನ ಚಾಚಿ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಒಳಗ ಹೋಗ್ರಿ, ರಾಜಾ ನೀರಾಗ ಕುಂತಾನ ಅಂದಳು.

ಚಾಚಾ ಕಿಟಕಿಯ ಬೆಳಕಿಗೆ, ಗೋಣಿಚೀಲದ ಮೇಲೆ ಕೂತಿದ್ದರು. ಮೊದಲಿಂದಲೂ ಬರೆಯುವ ಕೈ ಊರಲು ಅವರ ಹತ್ತಿರ ಒಂದು ಕೋಲು ಇರುತ್ತಿತ್ತು. ಈಗ ಆ ಕೋಲಿನ ಮೇಲೆ ಬಲಗೈ, ಬಲಗೈ ಮಣಿಕಟ್ಟನ್ನು ಹಿಡಿದು ಎಡಗೈ. ಕುಂಚ ಬಣ್ಣಕ್ಕೆ ಅದ್ದುವಾಗ ಡಬ್ಬಿಯ ಅಂಚಿಗೆ ತಾಗಿ ಟಕಟಕ ಸಪ್ಪಳ ಮಾಡುತ್ತಿತ್ತು. ಕಾವ್ಯಾ ಪೀಠಿಕೆ ಏನೂ ಇಲ್ಲದೆ ಅದೇ ಪ್ರಶ್ನೆ ಕೇಳಿದಳು, ನಿನಗೆ ದೋಸ್ತರೇ ಇರಲಿಲ್ಲವೇ ಎಂದು. ನನಗೆ ನಿಂತ ನೆಲ ಬಿರಿಯಬಾರದೇ ಅನಿಸಿತು.

ಚಾಚಾ ಕುಂಚ ಕೆಳಗಿಟ್ಟರು.

“ದೋಸ್ತರಿದ್ರು ಯವ್ವಾ. ಎರಡೂ ಊರಾಗ ಇದ್ರು. ಎಲ್ಲಾರಿಗೂ ಚಂದ ಕಾಣಬೇಕಂತ ಹೋದೆ ನೋಡು, ಅಲ್ಲಿ ಹಾದಿ ತಪ್ಪಿದೆ.”

“ಬ್ಯಾಟರಿ ಎಲ್ಲೈತಿ ಅಂತ ಮಲ್ಲ ಕೇಳಿದ್ರಽ ಮುಗೀತಿತ್ತಲ್ಲ.”

“ಮುಗೀತಿತ್ತು. ಆದ್ರ ಮಂದಿ ಕೂಡತಿದ್ದಿಲ್ಲ. ಕೂಡಿದ ಮಂದೀನ ನೋಡಿ ನನಗ ಅಮಲು ಏರಿತ್ತು.”

“ಅಮಲಂದ್ರೇನು?” ಎಂದಳು ಕಾವ್ಯಾ. ಹೊರಗಿನಿಂದ ಗುಲಶನ ಚಾಚಿ, ಹುಚ್ಚಽ ಅಂತಾರ ಅದಕ್ಕ, ಅಂದಳು.

ಚಾಚಾ ನಕ್ಕು, ಗೋಡೆಗೆ ಆನಿಸಿದ್ದ ಎರಡು ಹಾಳೆಗಳನ್ನು ನಮ್ಮ ಮುಂದೆ ಹಾಸಿದರು. ಎರಡರಲ್ಲೂ ಒಂದೇ ಚಿತ್ರ. ಭೂತನಾಳದ ತಳ, ಹಸಿರು ಬೆಳಕು. ಮಲ್ಲನ ಕೈಯಲ್ಲಿ ಅವನ ಬಾವಿಯ ಗೂಟದಿಂದ ತಂದ ಬ್ಯಾಟರಿ. ಅದನ್ನು ಬಿಜಲಿಯ ಮುಂದೆ ಚಾಚಿ ತಲೆ ತಗ್ಗಿಸಿದ್ದಾನೆ. ಬಿಜಲಿಯ ಮುಖ ಈ ಕಡೆ ತಿರುಗಿದೆ, ಇಪ್ಪತ್ತನಾಲ್ಕು ವರ್ಷದ ಮೇಲೆ. ಮಲ್ಲನ ಗುಳ್ಳೆಯೊಳಗೆ ಇಷ್ಟೇ: “ತಪ್ಪು ನಂದು. ನಾ ಕೇಳಬೇಕಿತ್ತು.” ಗೆರೆಗಳು ಅಲ್ಲಲ್ಲಿ ನಡುಗಿದ್ದವು. ನೀರಿನ ಚಿತ್ರವಾದ್ದರಿಂದ ಅದು ಹಾಗೇ ಇರಬೇಕು ಅನಿಸುವಂತಿತ್ತು.

ಕಾವ್ಯಾ ಎರಡರ ನಡುವೆ ಮಂಡಿಯೂರಿ ಕೂತು ಬೆರಳಿಟ್ಟು ನೋಡತೊಡಗಿದಳು. ಸ್ವಲ್ಪ ಹೊತ್ತಿಗೆ, ಇದರಲ್ಲಿ ಬಿಜಲಿಯ ಜಡೆಗೆ ಎರಡು ಟೇಪು, ಅದರಲ್ಲಿ ಒಂದೇ ಅಂದಳು. ಚಾಚಾ ಕನ್ನಡಕ ಏರಿಸಿ ನೋಡಿದರು. ಕುಂಚ ತೆಗೆದುಕೊಂಡು, ಉಸಿರು ಹಿಡಿದು, ಇನ್ನೊಂದು ಟೇಪು ಬರೆದರು. ಆ ಒಂದು ಬೆರಳಗಲದ ಕೆಂಪಿಗೆ ಅವರ ಹಣೆಯಲ್ಲಿ ಬೆವರು ಬಂದಿತ್ತು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. “ಚಾಚಾ, ಅವತ್ತ ಬಬಲೇಶ್ವರದಾಗ ಕೂಗಿ ಹೇಳಿದಾಕಿ ನಾನು,” ಅಂದೆ.

“ಗೊತ್ತೈತಿ,” ಅಂದರು, ಕುಂಚ ಒರೆಸುತ್ತ. “ನಾ ನಿಚ್ಚಣಿಕಿ ಮ್ಯಾಲಿದ್ದೆ. ಅದಽ ಅಂಗಡಿ ಬೋರ್ಡ್ ಬರ್ಯಾಕತ್ತಿದ್ದೆ. ನಿನ್ನ ಎರಡ ಜಡಿ ಮ್ಯಾಲಿಂದ ಕಂಡ್ವು. ಮಂದಿ ಹೋಗೂತನಾ ಕೆಳಗ ಇಳೀಲಿಲ್ಲ.”

ಅಷ್ಟು ವರ್ಷ ಅವರು ನನ್ನ ಹೆಸರನ್ನು ಯಾರ ಮುಂದೆಯೂ ಎತ್ತಿರಲಿಲ್ಲ. ನನ್ನ ಮದುವೆಯ ಬೋರ್ಡಿನ ಅಕ್ಷರಗಳಿಗೆ ಎರಡು ಬಣ್ಣದ ನೆರಳು ಕೊಟ್ಟಿದ್ದರು. ಅಳಬಾರದೆಂದು ನಾನು ಕಾವ್ಯಾಳ ಅಂಗಿಗೆ ಹತ್ತಿದ್ದ ಬಣ್ಣ ಒರೆಸುತ್ತ ಕೂತೆ. ಒದ್ದೆ ಬಟ್ಟೆಯಿಂದ ಅದು ಹೋಗುವುದಿಲ್ಲ, ಎಣ್ಣೆ ಹಚ್ಚಬೇಕು ಎಂದು ಚಾಚಿ ಬಂದು ಹೇಳಿದಳು, ತಾನೇ ಎಣ್ಣೆಯನ್ನೂ ತಂದಳು.

ಟೇಪಿನ ಕೆಂಪು ಒಣಗಿದ ಮೇಲೆ ಚಾಚಾ ಒಂದು ಹಾಳೆಯನ್ನು ಸುರುಳಿ ಸುತ್ತತೊಡಗಿದರು. ಇದು ಭಾಗಪ್ಪನ ಗೋಡೆಗೆ, ಬರುವ ಸಂತೆಯ ದಿನ ಬೆಳಿಗ್ಗೆ ಹತ್ತಕ್ಕೆ ಅಂದರು. ಒಂದು ವಾರ ಮೊದಲು ಒಬ್ಬರಿಗೆ, ಆಮೇಲೆ ಒಬ್ಬರಿಗೆ ಅನ್ನುವುದು ಈ ಸಲ ಬೇಡ. ಎರಡೂ ಊರು ಒಂದೇ ದಿನ, ಒಂದೇ ಹೊತ್ತಿಗೆ ನೋಡಬೇಕು. ಇವೆರಡರ ಮೇಲೆ ಮತ್ತೊಂದು ಬರೆಯಲು ಈ ಕೈಯಿಂದ ಆಗುವುದಿಲ್ಲ, ಬಸ್ಸು ಹತ್ತಿ ಹೋಗಲು ಕಾಲಿನಿಂದ ಆಗುವುದಿಲ್ಲ. ಎರಡನೆಯ ಸುರುಳಿಗೆ ಸುತ್ತಿದ ದಾರದ ಗಂಟು ಅವರ ಬೆರಳಿಗೆ ಸಿಗಲಿಲ್ಲ. ಕಾವ್ಯಾ ಕಟ್ಟಿದಳು. ಅದನ್ನು ಅವರು ನನ್ನ ಮಡಿಲಲ್ಲಿ ಇಟ್ಟರು.

“ಒಂದ ಉಪಕಾರ ಮಾಡು ಮಗಳ. ಇದನ್ನ ಬಬಲೇಶ್ವರಕ್ಕ ಒಯ್ದು ಅದಽ ಚಹಾದ ಅಂಗಡ್ಯಾಗ ಹಚ್ಚು. ನಿನ್ನ ಹಳೇ ಪಟ್ಟಿ ಇದ್ರ ಅದನ್ನೂ ತಗೊಂಡ ಹೋಗು. ಅಲ್ಲಿ ಮಂದಿ ನನ್ನ ಮಾತ ನಂಬೂದಿಲ್ಲ, ನಿಂದು ನಂಬತಾರ. ಅವತ್ತ ಹೆಂಗ ಕೂಗಿ ಹೇಳಿದೆಲ್ಲಾ, ಹಂಗಽ ಕೂಗಿ ಹೇಳು, ತಿಕೋಟಾದಾಗೂ ಇದಽ ಐತಿ ಅಂತ.”